ಮೂವತ್ತಾರು ಸ್ಕ್ರೂಗಳು

ಹೊಲಿಗೆ ಕೋಣೆಯಿಂದ,
ಹನ್ನೊಂದನೇ ತಾರೀಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಕೆಲಸದ ನೆಪ ಹೇಳಿ ಬರೀ ಟೀ ಕುಡಿದುಕೊಂಡು ಇರುತ್ತೀಯೋ? ಅಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಅಪ್ಪ ಚೆನ್ನಾಗಿದ್ದಾರೆ ಎಂದು ಬರೆಯುವುದು ವಾಡಿಕೆ, ಬರೆದಿದ್ದೇನೆ. ಮುಂದಿನದನ್ನು ಊಟಕ್ಕೆ ಮೊದಲು ಓದಬೇಡ. ನನಗೆ ನಿನ್ನೆಯಿಂದ ತುತ್ತು ಇಳಿಯುತ್ತಿಲ್ಲ. ಸೋಪು ಹಚ್ಚಿ ಎಷ್ಟು ಸಲ ತೊಳೆದರೂ ಕೈಯ ವಾಸನೆ ಹೋಗುತ್ತಿಲ್ಲ. ಈ ಕಾಗದಕ್ಕೂ ಅದು ಅಂಟಿಕೊಂಡಿದ್ದರೆ, ನಿನ್ನ ಪಾಲಿನದು ನಿನಗೆ ಬಂದು ಸೇರಿತು ಎಂದುಕೋ.

ನಿನ್ನೆ ನಿನ್ನ ಮರದ ಅಟ್ಟಣೆಯನ್ನು ಕೀಳಿಸಿದೆ. ನನ್ನ ಹೊಲಿಗೆ ಕೋಣೆಯ ಚಪ್ಪಟೆ ಮಾಡಿನ ಮೇಲೆ, ಅಮ್ಮ ತನ್ನ ಮಹಡಿ ರೂಮಿನ ಬಾಗಿಲು ತೆಗೆದರೆ ನೇರ ಬಿಸಿಲಿಗೇ ಕಾಲಿಡುವಂತಿರಲಿ ಎಂದು ಮೂರು ವರ್ಷದ ಹಿಂದೆ ನೀನು ಕಟ್ಟಿದೆಯಲ್ಲ, ಅದನ್ನೇ. ಮನಸ್ಸಿಗೆ ಬಂದು ಕೀಳಿಸಿದ್ದಲ್ಲ. ಶನಿವಾರ ಮೇಲ್ಛಾವಣಿಯ ಒಳಹಲಗೆ ಉಬ್ಬಿಕೊಂಡು ನನ್ನ ಮಿಷನ್ನಿನ ಮೇಲೇ ಕಳಚಿ ಬಿತ್ತು. ಜೊತೆಗೆ ಬಿದ್ದ ಕಂದು ನೀರು, ಹೊಲಿದು ಮಡಚಿಟ್ಟಿದ್ದ ಶಾಲೆಯ ಬಿಳಿ ಅಂಗಿಗಳ ಮೇಲೆಲ್ಲ ಹರಿಯಿತು. ಆ ಕರೆ ಯಾವ ಸೋಪಿಗೂ ಬಗ್ಗಲಿಲ್ಲ. ಮೂರು ವರ್ಷ ಬಕೆಟ್ಟು ಇಟ್ಟುಕೊಂಡೇ ಹೊಲಿದಿದ್ದೇನೆ. ಇನ್ನು ಸಾಕು ಅನ್ನಿಸಿ ಪಕ್ಕದ ಬೀದಿಯ ಬಡಗಿಯನ್ನು ಕರೆಸಿದೆ.

ಅವನು ಮೊದಲನೇ ಹಲಗೆ ಎತ್ತಿದವನೇ ಮೂಗಿಗೆ ಟವೆಲ್ಲು ಕಟ್ಟಿಕೊಂಡ. ಹಲಗೆಯ ಕೆಳಗೆ ಬೆರಳು ದಪ್ಪದ ಕಪ್ಪು ಲೋಳೆ. ಅದರಲ್ಲಿ ಕೊಳೆತ ಎಲೆ, ಪಾರಿವಾಳದ ಪುಕ್ಕ, ಕೂದಲಿನ ಉಂಡೆ, ಅಮ್ಮ ಕಳೆದುಹೋಯಿತು ಎಂದು ಎರಡು ದಿನ ಹುಡುಕಿದ್ದ ಹಲ್ಲಿನ ಸೆಟ್ಟಿನ ಡಬ್ಬಿ. ಒಂದು ಇಲಿ ಯಾವ ಕಾಲದಲ್ಲಿ ಸತ್ತಿತ್ತೋ, ಕಾಲ್ಚೀಲದ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಲೋಳೆಯೊಳಗೆ ಬಿಳೀ ಹುಳುಗಳು ಹೊರಳಾಡುತ್ತಿದ್ದವು. ಹೂದಾನಿಯಲ್ಲಿ ತಿಂಗಳುಗಟ್ಟಲೆ ಬಿಟ್ಟ ನೀರಿನ ವಾಸನೆ. ಇದರ ಮೇಲೆ ಕುರ್ಚಿ ಹಾಕಿಕೊಂಡು ದಿನಾ ಸಂಜೆ ಟೀ ಕುಡಿದಿದ್ದೇವೆ. ಅಲ್ಲಿಂದ ಒಂದು ಬೆರಳಗಲ ಕೆಳಗೆ ಹುಳುಗಳ ಸಂಸಾರ ನಡೆದಿತ್ತು.

ಲೋಳೆ ಬಳಿದು ಹಾಕಿದ ಮೇಲೆ, ಮಾಡು ಸೋರದಂತೆ ಅಪ್ಪ ಅಂಟಿಸಿದ್ದ ರಬ್ಬರ್ ಹಾಳೆ ಕಂಡಿತು. ಏನೆಂದು ಹೇಳಲಿ, ತಮ್ಮಾ, ಅದು ಹೊಚ್ಚ ಹೊಸದರ ಹಾಗೆ ಇತ್ತು. ಹಾಳೆಗೆ ಹಾಳೆ ಸೇರಿಸಿದ ಕಡೆ ನಾನೇ ಉಗುರು ಹಾಕಿ ನೋಡಿದೆ. ಎಲ್ಲೂ ಒಂದು ಎಳೆ ಎದ್ದಿಲ್ಲ. ಗೋಡೆಯ ಮೂಲೆಯಲ್ಲಿ ಹಾಕಿದ ತೇಪೆಗಳೂ ಹಾಗೇ ಕಚ್ಚಿಕೊಂಡಿವೆ. ನಿನಗೆ ನೆನಪಿರಬೇಕು, ಅಪ್ಪ ತೇಪೆ ಕತ್ತರಿಸುವಾಗ ಡಬ್ಬಿಯ ಮುಚ್ಚಳ ಇಟ್ಟು ಮೂಲೆಗಳನ್ನೆಲ್ಲ ದುಂಡಗೆ ಮಾಡುತ್ತಿದ್ದರು. ಚೂಪು ಮೂಲೆ ಇದ್ದರೆ ಅಲ್ಲಿಂದಲೇ ಏಳುತ್ತೆ ಎನ್ನುತ್ತಿದ್ದರು. ಈ ಊರಿನಲ್ಲಿ ಹಾಗೆ ಮಾಡುವವರು ಅವರೊಬ್ಬರೇ. ಸುಮ್ಮನೆ ಅಲ್ಲ ಜನ ಅವರನ್ನು ಸೋರದ ಮೇಷ್ಟ್ರು ಎಂದು ಕರೆಯುತ್ತಿದ್ದದ್ದು.

ಹಾಗಾದರೆ ನೀರು ಎಲ್ಲಿಂದ ಇಳಿಯಿತು ಎಂದು ನೀನು ಕೇಳಬೇಕಾಗಿಲ್ಲ. ನಿನ್ನ ತೊಲೆಗಳ ಬುಡದಲ್ಲಿ ಕಬ್ಬಿಣದ ಪಟ್ಟಿ, ಪಟ್ಟಿಯಿಂದ ಹಾಳೆಯನ್ನು ಸೀಳಿಕೊಂಡು ಕೆಳಗಿನ ಪ್ಲೈವುಡ್ಡಿಗೆ ಇಳಿದ ಸ್ಕ್ರೂ. ಒಂದಲ್ಲ, ಎರಡಲ್ಲ. ಪ್ರತಿ ಸ್ಕ್ರೂವಿನ ಸುತ್ತ ಪ್ಲೈವುಡ್ಡು ನೆನೆದ ಬ್ರೆಡ್ಡಿನ ಹಾಗೆ ಬೆರಳಿಗೆ ಬರುತ್ತಿತ್ತು. ಅಪ್ಪ ನಿನಗೆ ಎಷ್ಟು ಬಿಡಿಸಿ ಹೇಳಿದ್ದರು. ತೊಲೆಯ ಕೆಳಗೆ ಇದೇ ರಬ್ಬರಿನ ತುಂಡು ಇಟ್ಟು ಸುಮ್ಮನೆ ಕೂರಿಸು, ಅದರ ಭಾರಕ್ಕೆ ಅದೇ ನಿಲ್ಲುತ್ತೆ, ಹಾಳೆಗೆ ಮಾತ್ರ ಮೊಳೆ ತೋರಿಸಬೇಡ ಎಂದಿದ್ದರು. ನೀನು ತಲೆಯಾಡಿಸಿದ್ದೆ. ಮಾರನೇ ದಿನ ಅವರು ಕೆಲಸಕ್ಕೆ ಹೋದ ಮೇಲೆ ಒಂದು ಹಲಗೆಯ ಮೇಲೆ ನಿಂತು ಅಲ್ಲಾಡಿಸಿ ನೋಡಿ, ಅಮ್ಮ ಎಡವುತ್ತಾಳೆ ಎಂದು ಡ್ರಿಲ್ ತಂದೆ. ಅಮ್ಮ ಬೀಳಬಾರದು ಎಂದೇ ಮಾಡಿದೆ, ಗೊತ್ತು. ಆದರೂ ನಿನ್ನ ಮೇಲೆ ಅಸಹ್ಯವಾಗುವುದು ನಿಂತಿಲ್ಲ.

ನನ್ನ ಮೇಲೂ ಅಷ್ಟೇ ಆಗಿದೆ. ಆ ದಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸ್ಕ್ರೂ ಎಣಿಸಿ ಎಣಿಸಿ ನಿನ್ನ ಕೈಗೆ ಕೊಟ್ಟವಳು ನಾನೇ. ಒಂಬತ್ತು ತೊಲೆ, ತೊಲೆಗೆ ನಾಲ್ಕು, ಒಟ್ಟು ಮೂವತ್ತಾರು. ದಿನವಿಡೀ ಬಟ್ಟೆಗೆ ಸೂಜಿ ಹಾಕುವವಳು, ಸೂಜಿ ಹೋದ ಕಡೆ ತೂತಾಗುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ನಿನ್ನೆ ಬಡಗಿ ಬಿಚ್ಚಿ ತಟ್ಟೆಗೆ ಹಾಕಿದ್ದನ್ನು ಎಣಿಸಿದೆ. ಇಪ್ಪತ್ತೆಂಟೇ ಇದ್ದವು. ಉಳಿದ ಎಂಟು ತುಕ್ಕು ಹಿಡಿದು ಲೋಳೆಯ ಜೊತೆ ಹೋಗಿರಬೇಕು.

ಮೊದಲ ಮಳೆಗೆ ಸೋರಿದಾಗ ನೀನು ಆಡಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಬಟ್ಟೆ ಕೊಡಲು ಬಂದ ನಾಲ್ಕು ಜನ ಬಾಗಿಲಲ್ಲಿ ನಿಂತಿದ್ದರು. ಅವರೆದುರೇ, ಅಪ್ಪಂದು ಅಂಟು ಬಿಟ್ಟಿದೆ, ವಯಸ್ಸಾಯ್ತು, ಕೈ ನಡುಗುತ್ತೆ, ಇನ್ನು ಸಾಕು ಅನ್ನಿ ಎಂದೆ. ಅಪ್ಪ ತಮ್ಮ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡರು. ಹೌದೇನೋ ಎಂದರು, ಅಷ್ಟೇ. ಆ ಮಾತು ಸಂಜೆಯೊಳಗೆ ಬೀದಿಯೆಲ್ಲ ತಿರುಗಿತು. ಅಪ್ಪನನ್ನು ಕೆಲಸಕ್ಕೆ ಕರೆಯುವುದನ್ನು ಜನ ಒಬ್ಬೊಬ್ಬರಾಗಿ ನಿಲ್ಲಿಸಿದರು. ನೀನು ದೂರದ ಕೆಲಸ ಹಿಡಿದು ಹೊರಟುಹೋದೆ, ಅಪ್ಪ ಹಾಳೆ ಒತ್ತಿ ಅಂಟಿಸುವ ತಮ್ಮ ಉರುಳೆಯನ್ನು ಹಳೇ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು. ನೀನು ಹೋದ ಮೇಲೆ ಒಂದು ವಾರ, ಮಧ್ಯಾಹ್ನವೆಲ್ಲ ಅಟ್ಟಣೆಯ ಅಂಚಿನಲ್ಲಿ ಬೋರಲು ಮಲಗಿರುತ್ತಿದ್ದರು. ದುಃಖಕ್ಕೆ ಮಲಗಿದ್ದಾರೆ ಎಂದು ನಾವು ಎಬ್ಬಿಸಲಿಲ್ಲ. ಎದ್ದು ಬಂದಾಗ ಅಂಗಿ ಅಂಟಿನ ವಾಸನೆ ಹೊಡೆಯುತ್ತಿತ್ತು. ಕೆಲಸ ಬಿಟ್ಟರೂ ಅಂಗಿಯಿಂದ ಕೆಲಸ ಹೋಗಿಲ್ಲ ಎಂದು ಅಮ್ಮ ಕಣ್ಣೊರೆಸಿಕೊಂಡಿದ್ದಳು.

ನಿನ್ನೆ ಅವರನ್ನು ಮೇಲೆ ಕರೆದುಕೊಂಡು ಹೋಗಿ ತೂತುಗಳನ್ನು ತೋರಿಸಿದೆ. ನೋಡಪ್ಪಾ, ನಿಂದು ಒಂದು ಚೂರೂ ಬಿಟ್ಟಿಲ್ಲ ಎಂದೆ. ಖುಷಿ ಪಡುತ್ತಾರೆ ಎಂದುಕೊಂಡಿದ್ದೆ. ಅವರು ಅತ್ತ ಸರಿಯಾಗಿ ನೋಡಲೂ ಇಲ್ಲ, ನೀರು ತಗೊಂಡು ಬಾ, ತೊಳೆಯೋಣ ಎಂದರು. ಮೂರು ವರ್ಷ ಹೊತ್ತ ಕಳಂಕ ಕಳೆದರೂ ಮುಖದಲ್ಲಿ ಒಂದು ಗೆರೆ ಬದಲಾಗದ ಮನುಷ್ಯನನ್ನು ಏನು ಮಾಡುವುದು ಹೇಳು. ಅದನ್ನು ಕಂಡೂ ನನಗೆ ಹೇಸಿಗೆಯೇ ಆಯಿತು.

ಇಷ್ಟು ಬೈದ ಮೇಲೂ ನಿನಗೆ ಕೆಟ್ಟದ್ದು ಬಯಸಲು ನಾಲಿಗೆ ಹೊರಳುವುದಿಲ್ಲ. ಸೊಂಟ ನೋಡಿಕೋ, ಎಣ್ಣೆ ತಿಕ್ಕಿ ಬಿಸಿನೀರು ಹಾಕಿಕೋ, ಚೆನ್ನಾಗಿರು. ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ.

ಇಂತಿ,
ಸ್ಕ್ರೂ ಎಣಿಸಿ ಕೊಟ್ಟ ನಿನ್ನ ಅಕ್ಕ

ತಡೆ, ಕವರು ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಮಾಡಿನ ಎರಡು ಅಂಚುಗಳನ್ನು ಉಜ್ಜಿ ತೊಳೆದು ಬಂದೆ. ಅಂಚಿನ ತೊಲೆಗಳಿದ್ದ ಜಾಗದಲ್ಲಿ ಎಂಟು ತೇಪೆಗಳಿವೆ. ಎಂಟರ ಮೂಲೆಗಳೂ ದುಂಡಗಿವೆ. ಮಂಚದ ಕೆಳಗಿನ ಗಂಟು ಬಿಚ್ಚಿ ನೋಡಿದೆ, ಆ ಎಂಟು ಸ್ಕ್ರೂ ಅಪ್ಪನ ಉರುಳೆಯ ಜೊತೆಗೇ ಒಂದು ಡಬ್ಬಿಯಲ್ಲಿವೆ, ಒರೆಸಿ ಎಣ್ಣೆ ಹಚ್ಚಿಟ್ಟಿದ್ದಾರೆ. ಬೋರಲು ಮಲಗಿ ಸಂದಿಯಲ್ಲಿ ಕೈ ತೂರಿಸಿ, ಕೈಗೆ ಎಟುಕಿದಷ್ಟನ್ನು ಕಿತ್ತು ಮುಚ್ಚಿದ್ದಾರೆ. ಉಳಿದವಕ್ಕೆ ಅಟ್ಟಣೆಯನ್ನೇ ಬಿಚ್ಚಬೇಕಿತ್ತು, ಬಿಚ್ಚಲಿಲ್ಲ. ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಅವನು ಒಬ್ಬನೇ ಮಾಡಿದ ಮೊದಲನೇ ಕೆಲಸ ಕಣೇ, ನಂದು ಹೇಗೂ ಮುಗಿಯೋ ಕಾಲ, ಅವನದು ಈಗ ಶುರು, ಕೆಟ್ಟರೆ ನನ್ನ ಹೆಸರೇ ಕೆಡಲಿ ಬಿಡು ಎಂದರು. ನಿನಗೆ ಬರೆಯಬೇಡ ಎಂದೂ ಹೇಳಿದರು. ಹೊಸ ಹಾಳೆ ಬಂದಿದೆ, ಇಪ್ಪತ್ತೆರಡಕ್ಕೆ ಶನಿವಾರ ಅಂಟಿಸುತ್ತಾರಂತೆ. ಹಾಳೆಗೆ ಎರಡು ತುದಿ, ಹಿಡಿಯಲು ಇಬ್ಬರು ಬೇಕು. ಬಡಗಿಯನ್ನು ಕಳಿಸಿಬಿಟ್ಟರು, ನನ್ನನ್ನೂ ಬೇಡ ಎನ್ನುತ್ತಾರೆ. ಶುಕ್ರವಾರದೊಳಗೆ ಬಾ. ಡ್ರಿಲ್ ಅಲ್ಲೇ ಬಿಟ್ಟು ಬಾ.