ಕೈಗಡಿಯಾರದ ಬಗ್ಗೆ ಒಂದು ತಿದ್ದುಪಡಿ

ಕ್ಲಿನಿಕ್ಕಿನ ಹಿಂದಿನ ಕೋಣೆ,
ಮಾರ್ಚ್ ೧೪, ಮಧ್ಯಾಹ್ನ

ನನ್ನ ಪ್ರೀತಿಯ ಸಲಹೆಗಾರ್ತಿಗೆ,

ಹೇಗಿದ್ದೀಯಾ? ಮಂಡಿನೋವು ಇಳಿಯಿತೇ? ಆ ಪತ್ರಾಗಾರದ ಮೂರು ಮಹಡಿ ಮೆಟ್ಟಿಲನ್ನು ದಿನಕ್ಕೆ ಒಂದೇ ಸಲ ಹತ್ತು, ಕಡತಗಳೇನೂ ಓಡಿಹೋಗುವುದಿಲ್ಲ. ನಾನು ಚೆನ್ನಾಗಿದ್ದೇನೆ. ಮಗಳು ಭಾನುವಾರ ಬಂದು ನಿನ್ನ ಹೂಕುಂಡಗಳನ್ನೆಲ್ಲ ನೋಡಿ, "ಅಪ್ಪಾ, ನೀರು ಹಾಕೋದು ಅಂದ್ರೆ ಮುಳುಗಿಸೋದಲ್ಲ" ಎಂದು ಬೈದು ಹೋದಳು. ಇವತ್ತು ಬೆಳಿಗ್ಗೆ ಒಂದು ದವಡೆಹಲ್ಲು ಕಿತ್ತೆ, ಎರಡು ಹುಳುಕು ತುಂಬಿದೆ. ಮೂರು ಗಂಟೆಯ ರೋಗಿ ಬರುವ ಮೊದಲು ಇದನ್ನು ಬರೆದು ಮುಗಿಸಬೇಕು.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ನಾಲ್ಕು ಹಾಳೆ. ಅದರಲ್ಲಿ 'ಅವರು' ಎಂಬ ಪದ ಮೂವತ್ತೊಂದು ಸಲ ಬಂದಿದೆ, ಎಣಿಸಿದ್ದೇನೆ, ನಗಬೇಡ. ಅವರು ಚಹಾ ತಂದರು, ಅವರು ಕಡತ ಹುಡುಕಿಕೊಟ್ಟರು, ಅವರಿಗೆ ಎಂಥ ನೆನಪಿನ ಶಕ್ತಿ! ಯಾರು ಸ್ವಾಮಿ ಈ 'ಅವರು'? ನಮ್ಮ ಮನೆಯಲ್ಲಿ ಹದಿನಾರು ವರ್ಷ 'ಬೋಳುತಲೆ' ಎಂದೇ ಕರೆಸಿಕೊಂಡವರಲ್ಲವೇ? ಮೀನುಗಾರಿಕೆ ಗಡಿಯ ಮಾತುಕತೆಯಲ್ಲಿ ನೆರೆದೇಶದ ಪರವಾಗಿ ನಿನ್ನೆದುರು ಕೂತವರಲ್ಲವೇ? ಪ್ರತಿ ಸುತ್ತು ಮುಗಿಸಿ ಬಂದಾಗಲೂ ಸೂಟ್‌ಕೇಸು ಕೆಳಗಿಡುವ ಮೊದಲೇ "ಆ ಬೋಳುತಲೆ ಈ ಸಲಾನೂ ಜಗ್ಗಲಿಲ್ಲ" ಎನ್ನುತ್ತಿದ್ದೆ. ಅದರಾಚೆಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸರ್ಕಾರದ ಗುಟ್ಟು, ನಾನೂ ಕೇಳುತ್ತಿರಲಿಲ್ಲ. ಬಾಯಿ ತೆರೆದು ಕೂತೂ ಉತ್ತರ ಕೊಡಲಾಗದವರ ಜೊತೆ ಮಾತಾಡುವುದೇ ನನ್ನ ಕಸುಬಾದ್ದರಿಂದ ಅದು ಕಷ್ಟವೂ ಆಗಲಿಲ್ಲ. ಮೂವರು ಮಂತ್ರಿಗಳು ಬಂದು ಹೋದರು. ಟಿಪ್ಪಣಿ ಬರೆಯುವ ಕಿರಿಯಳಾಗಿ ಸೇರಿದ ನೀನು ವಿದೇಶಾಂಗದ ಮುಖ್ಯ ಸಲಹೆಗಾರ್ತಿಯಾದೆ. ಮೂರನೆಯ ಮಂತ್ರಿ ನಿನ್ನ ವರದಿಯನ್ನು ಓದದೆಯೇ ಪಕ್ಕಕ್ಕೆ ತಳ್ಳಿದ ದಿನ ರಾಜೀನಾಮೆ ಕೊಟ್ಟೆ. ಅದು ನನಗೆ ಗೊತ್ತಾದದ್ದು ಮರುದಿನದ ಪತ್ರಿಕೆಯಲ್ಲಿ.

ಈಗ ಹಳೆಯ ಕಡತಗಳು ಬಹಿರಂಗವಾಗಿವೆ. ನೀನು ಸಂಶೋಧಕಿ, ಆತನೂ ಸಂಶೋಧಕ. ಎರಡು ಕಡೆಯ ಕಾಗದಗಳನ್ನೂ ಒಂದೇ ಮೇಜಿನ ಮೇಲೆ ಹರಡಿಕೊಂಡು ಒಂದೇ ಪುಸ್ತಕ ಬರೆಯುತ್ತಿದ್ದೀರಿ. ಹದಿನಾರು ವರ್ಷ ನನಗೆ ಹೇಳದೆ ನುಂಗಿಕೊಂಡದ್ದನ್ನೆಲ್ಲ ದಿನಾ ಹತ್ತರಿಂದ ಐದರವರೆಗೆ ಆತನಿಗೆ ಹೇಳುತ್ತಿದ್ದೀಯ. ನೇರವಾಗಿ ಹೇಳಿಬಿಡುತ್ತೇನೆ: ನನಗೆ ಹೊಟ್ಟೆ ಉರಿಯುತ್ತಿದೆ. ಅರವತ್ತಮೂರರ ದಂತವೈದ್ಯನಿಗೆ ಇದು ಶೋಭೆಯಲ್ಲ, ಗೊತ್ತು. ನೀನು ಆತನ ಜೊತೆ ಸಿನಿಮಾಕ್ಕೆ ಹೋಗಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಅದರಲ್ಲೂ ಆ ಮೂರನೆಯ ಹಾಳೆ. ಆತ ಆಗ ತನ್ನ ಕಡೆಯವರಿಗೆ ನಿನ್ನ ಬಗ್ಗೆ ಬರೆದಿದ್ದ ಟಿಪ್ಪಣಿ ಸಿಕ್ಕಿತೆಂದು, ಇಬ್ಬರೂ ಬಿದ್ದು ಬಿದ್ದು ನಕ್ಕೆವೆಂದು, ನನಗೂ ನಕಲು ಮಾಡಿ ಕಳಿಸಿದ್ದೀಯ: 'ಆಕೆ ಕೈಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಕ್ಕೆ ತಿರುಗಿಸಿಕೊಂಡರೆ ಯಾರೂ ಮಾತಾಡಬೇಡಿ. ಸೋಲು ಹತ್ತಿರ ಬಂದಿದೆ. ಹತ್ತು ನಿಮಿಷದಲ್ಲಿ ತಾನಾಗಿಯೇ ಬಿಟ್ಟುಕೊಡುತ್ತಾಳೆ.' ನೀನು ಎರಡು ಮೈಲಿ ಸಮುದ್ರ ಬಿಟ್ಟುಕೊಟ್ಟ ದಿನವೂ ಹಾಗೇ ತಿರುಗಿಸಿದ್ದೆಯಂತೆ. 'ಅವತ್ತು ಯಾಕೆ ಬಿಟ್ಟುಕೊಟ್ಟೆನೋ ನನಗೇ ನೆನಪಿಲ್ಲ, ಐದನೆಯ ಅಧ್ಯಾಯ ಅಲ್ಲಿಗೇ ನಿಂತಿದೆ' ಎಂದು ಬರೆದಿದ್ದೀಯ. ನಾನು ಆ ಹಾಳೆಯನ್ನು ಮಡಿಸಿ ಡ್ರಾಯರಿನಲ್ಲಿಟ್ಟೆ, ಮರುದಿನ ಮತ್ತೆ ತೆಗೆದೆ. ಆ ಗಡಿಯಾರದ ಅಭ್ಯಾಸ ಇಡೀ ಲೋಕದಲ್ಲಿ ನನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದೆ. ಮಗಳಿಗೂ ಹೇಳಿರಲಿಲ್ಲ. ಆತ ಅದನ್ನು ಬೆರಳಚ್ಚು ಮಾಡಿಸಿ ಎಂಟು ಜನರಿಗೆ ಹಂಚಿದ್ದಾನೆ!

ಇನ್ನೂ ಆರು ತಿಂಗಳು ಅಲ್ಲೇ ಇದ್ದು ಪುಸ್ತಕ ಮುಗಿಸಲೇ ಎಂದು ಕೇಳಿದ್ದೀಯ. ಇರು. ನಾನು ಅಡ್ಡ ಬರುವವನಲ್ಲ, ಯಾವತ್ತೂ ಬಂದಿಲ್ಲ. ನಿನ್ನ ಕಂದು ಕೋಟು ಇಲ್ಲೇ ಉಳಿದಿದೆ, ಬೇಕಾದರೆ ಬರೆ, ಪಾರ್ಸೆಲ್ ಮಾಡುತ್ತೇನೆ. ಬಲಗಡೆ ಗಟ್ಟಿ ಪದಾರ್ಥ ಅಗಿಯಬೇಡ. ಆ ಹಲ್ಲಿಗೆ ಕ್ಯಾಪ್ ಕೂರಿಸಿದವನು ನಾನು, ಅಲ್ಲಿಯವರ ಕೈಗೆ ಕೊಡಬೇಡ. ಬೋಳು... ಅವರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ, ಇನ್ನೂ ನಿನ್ನವನೇ ಆದ
ಹಲ್ಲಿನ ಡಾಕ್ಟರು

ತಾ.ಕ.: ಮೂರು ಗಂಟೆಯವರು ಬಂದು ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಿದೆ, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. 'ಅವರ' ಟಿಪ್ಪಣಿ ತಪ್ಪು. ನೀನು ಗಡಿಯಾರ ತಿರುಗಿಸುವುದು ಸೋಲುವಾಗಲ್ಲ, ಮನೆಗೆ ಹೋಗಬೇಕು ಅನ್ನಿಸಿದಾಗ. ಮೂವತ್ತು ವರ್ಷ ಪ್ರತಿ ಔತಣಕೂಟದಲ್ಲೂ ನೀನು ಹಾಗೆ ತಿರುಗಿಸಿದ ಕೂಡಲೇ ಎದ್ದು ಹೋಗಿ ನಿನ್ನ ಕೋಟು ತಂದವನು ನಾನು. ನೀನು ಬರೆದಿದ್ದ ಆ ಎರಡು ಮೈಲಿಯ ತಾರೀಖನ್ನು ನನ್ನ ಹಳೆಯ ಅಪಾಯಿಂಟ್‌ಮೆಂಟ್ ಪುಸ್ತಕದಲ್ಲಿ ನೋಡಿದೆ. ಅವತ್ತು ಕ್ಲಿನಿಕ್ಕಿಗೆ ರಜೆ. ಮಗಳ ಟಾನ್ಸಿಲ್ ಆಪರೇಷನ್. ಐದನೆಯ ಅಧ್ಯಾಯಕ್ಕೆ ಅಷ್ಟು ಸಾಕು ಅಂದುಕೊಳ್ಳುತ್ತೇನೆ. ಇನ್ನು, ಇದನ್ನು ಓದುತ್ತಿರುವಾಗ ನಿನ್ನ ಬಲಗೈ ಎಲ್ಲಿದೆ ನೋಡಿಕೋ. ಗಡಿಯಾರದ ಮೇಲಿದ್ದರೆ, ಮೇಲೆ ಆರು ತಿಂಗಳಿಗೆಂದು ಕೊಟ್ಟ ಒಪ್ಪಿಗೆಯನ್ನು ವಾಪಸು ತೆಗೆದುಕೊಂಡಿದ್ದೇನೆ. ಎರಡು ಸಾಲು ಬರೆ. ಕೋಟು ಹಿಡಿದುಕೊಂಡು ನಾನೇ ಬರುತ್ತೇನೆ.