ಅಪ್ಪನಿಗೆ ಉಳಿದ ವ್ಯಂಜನ

ನಂಜನಗೂಡು
೧೬ ಜನವರಿ ೨೦೨೫

ರುದ್ರೇಶಾ, ನನ್ನ ತಮ್ಮಾ,

ಪಠಾಣ್‌ಕೋಟಿನ ಚಳಿಗೆ ನಿನ್ನ ಮೊಣಕಾಲು ಹೇಗಿದೆ? ಮಗಳು ಅರ್ಪಿತಾಳ ಕೆಮ್ಮು ನಿಂತಿತೇ? ನಾವು ಚೆನ್ನಾಗಿದ್ದೇವೆ. ನೀನು ನನ್ನ ಫೋನ್ ತೆಗೆಯುವುದಿಲ್ಲ, ಅದಕ್ಕೇ ಕಾಗದ ಹಿಡಿದಿದ್ದೇನೆ. ಇಂಗ್ಲಿಷ್ ಶಾಲೆಯವಳ ಕನ್ನಡ ಒತ್ತಕ್ಷರ ನೋಡಿ ನಗಬೇಡ.

ಅಪ್ಪನ ಗಂಟಲಿನ ಗಾಯ ಒಣಗಿದೆ. ಧ್ವನಿಪೆಟ್ಟಿಗೆ ತೆಗೆದ ಮೇಲೆ ಅವರು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು, ಸ್ಲೇಟು ಕೊಟ್ಟರೆ ಬದಿಗಿಡುತ್ತಿದ್ದರು. ಮಾತು ಕಲಿಸುವ ಸುಚೇತಾ ಮೇಡಂ, "ಬಾಯಲ್ಲಿ ಯಾವ ಸದ್ದಾದ್ರೂ ಮಾಡ್ಲಿ, ನೋಡೋಣ" ಎಂದಾಗ ನನಗೆ ನೆನಪಾದದ್ದು ನೀನು. ದೇವನೂರಿನ ಜಗಲಿಯಲ್ಲಿ ನನ್ನ ಸೊಂಟಕ್ಕೆ ಟವೆಲ್ ಕಟ್ಟಿ, ನಾಲಗೆಯ ಅಂಚನ್ನು ದವಡೆಗೆ ಒತ್ತಿ ಎಳೆದು, ಥೇಟ್ ಎತ್ತಿನ ಗಾಡಿ ಹೊಡೆಯುವ ಅಪ್ಪನ ಹಾಗೆ 'ಟ್ಲಕ್' ಅಂದು ಓಡಿಸುತ್ತಿದ್ದೆಯಲ್ಲ. ನಾನು ಬಾಯಿ ತೆರೆದರೆ, "ನೀನು ಎತ್ತು ಕಣಕ್ಕ, ಎತ್ತು ಮಾತಾಡ್ತದಾ?" ಅನ್ನುತ್ತಿದ್ದೆ. ನರಸೀಪುರದ ಹೊಳೆಮರಳಲ್ಲಿ ಹೂತ ಗಾಡಿಯನ್ನು ಅಪ್ಪ ಬಾರುಕೋಲು ಎತ್ತದೆ ಆ ಸದ್ದಿನಿಂದಲೇ ಎಬ್ಬಿಸಿದ್ದನ್ನು ನೋಡಿ ನೀನು ಕಲಿತದ್ದು ಅದು.

ಮೇಡಂ ಎದುರು ನಾನೇ ಮಾಡಿದೆ. ಸರಿಯಾಗಿ ಬರಲಿಲ್ಲ, ಎಂಜಲು ಹಾರಿತು. ಅಪ್ಪ ತಿರುಗಿದರು. ದಡ್ಡಿಗೆ ಪಾಠ ಹೇಳುವವರ ಹಾಗೆ ನಿಧಾನವಾಗಿ ಮಾಡಿ ತೋರಿಸಿದರು: ಟ್ಲಕ್. ಇದಕ್ಕೆ ಎದೆಯ ಗಾಳಿಯೂ ಬೇಡ, ಧ್ವನಿಪೆಟ್ಟಿಗೆಯೂ ಬೇಡವಂತೆ. ಲೋಕದ ಬಹುಪಾಲು ಭಾಷೆಗಳಲ್ಲಿ ಇಂಥ ವ್ಯಂಜನವೇ ಇಲ್ಲ. ಆಫ್ರಿಕಾದ ಕೆಲವು ಭಾಷೆಗಳಲ್ಲಿ ಮಾತ್ರ ಅದು ನಮ್ಮ ಕ, ಚ ಇದ್ದ ಹಾಗೆ ಮಾತಿನೊಳಗೇ ಬರುತ್ತದೆ ಎಂದರು ಮೇಡಂ. ನಾವು ಅದನ್ನು ಎತ್ತುಗಳಿಗೆ ಬಿಟ್ಟಿದ್ದೆವು.

ಈಗ ಒಂದು ಟ್ಲಕ್ ಅಂದರೆ ಹೂಂ. ಲೊಚಗುಟ್ಟಿದರೆ ಬೇಡ, ನನ್ನ ಉಪ್ಪಿಟ್ಟಿಗೆ ಹೆಚ್ಚಾಗಿ ಅದೇ. ಎರಡು ಟ್ಲಕ್ ಅಂದರೆ ನಾನು. ಪಕ್ಕದ ಮನೆ ಪುಟ್ಟಬಸಮ್ಮ, "ಏನವ್ವಾ, ನಡುಮನೇಲಿ ಎತ್ತು ಕಟ್ಟಿದ್ದೀರಾ?" ಅಂದಾಗ ಅಪ್ಪ ಸದ್ದಿಲ್ಲದೆ ಭುಜ ಕುಣಿಸಿ ನಕ್ಕರು. ಎಲ್ಲ ನಿನ್ನ ಆಟದ ಪುಣ್ಯ ಕಣೋ. ಮಗಳಾಗಿ ನಾನು ಮಾಡುತ್ತಿರುವುದು ಸಾಕೇ ಎಂದು ಕೇಳಿಕೊಳ್ಳುತ್ತಲೇ ಇರುತ್ತೇನೆ. ಆದರೂ ಬೆಳಿಗ್ಗೆ ಆ ಎರಡು ಸದ್ದು ಕೇಳಿದಾಗ, ಅಪ್ಪ ಮತ್ತೆ ನನ್ನನ್ನು ಕರೆದರಲ್ಲ ಎಂದು ಮನಸ್ಸು ತುಂಬುತ್ತದೆ.

ನಿಮ್ಮೆಲ್ಲರನ್ನೂ ನಂಜುಂಡ ಕಾಯಲಿ.

ನಿನ್ನ ಅಕ್ಕ,
ವನಿತಾ

ತಾ.ಕ.: "ಮಾತೇ ಬರದ ಅಪ್ಪನ ಹತ್ರ ಫೋನಲ್ಲಿ ಏನಕ್ಕ ಮಾತಾಡ್ಲಿ?" ಅಂದವನು ಆಮೇಲೆ ಫೋನೇ ತೆಗೆದಿಲ್ಲ ನೀನು. ಅಪ್ಪ ನಿನ್ನ ಹೆಸರಿಗೆ ಮೂರು ಟ್ಲಕ್ ಇಟ್ಟುಕೊಂಡಿದ್ದಾರೆ. ನಿನ್ನ ಫೋಟೋ ಎದುರು ಅದನ್ನು ಅಂದು ನೋಡುತ್ತಾರೆ. ಈ ಕಾಗದ ನಿನಗೆ ತಲುಪಿರುತ್ತದೆ, ೨೬ರ ಭಾನುವಾರ ಸಂಜೆ ಅವರ ಕೈಲೇ ಫೋನ್ ಮಾಡಿಸುತ್ತೇನೆ. ಕೇಳಿಸಿದರೆ ನೀನೂ ಅದನ್ನೇ ಅನ್ನು, ಬೇರೆ ಮಾತು ಬೇಡ. ಚಿಕ್ಕಂದಿನಲ್ಲೆಲ್ಲ ನಾನೇ ಎತ್ತು. ಈ ಸಲ ನೀನು ಎತ್ತು.