ಕೊಡದಜ್ಜಿಗೆ ಹತ್ತಕ್ಕೆ ಹತ್ತು

ಜುಲೈ 17, ಶುಕ್ರವಾರ. ಮಧ್ಯಾಹ್ನ 2.30

ಮಿಷನ್ನಿಗೆ ಎಣ್ಣೆ ಬಿಟ್ಟು ಬಟ್ಟೆ ಮುಚ್ಚಿದೆ. ಇವತ್ತು ಕರ್ಕಿಡಗ ಒಂದು, ಮಲಯಾಳ ಪಂಚಾಂಗದ ಆಷಾಢ ಶುರು. ಇನ್ನೊಂದು ತಿಂಗಳು ನಮ್ಮೂರು ಕಾಟ್ಟಿಕುಳದಲ್ಲಿ ಯಾರೂ ಮದುವೆಯಾಗುವುದಿಲ್ಲ, ಯಾರಿಗೂ ಬ್ಲೌಸ್ ಬೇಡ. ಬೆಳಗ್ಗಿನಿಂದ ಬಂದದ್ದು ಒಂದೇ ಯೂನಿಫಾರ್ಮ್ ಪ್ಯಾಂಟು, ಕಾಲಿನ ಮಡಿಕೆ ಬಿಚ್ಚಲು. ನಮ್ಮ ಟೈಲರಿಂಗ್ ಅಂಗಡಿಗೆ ಇದು ರಜೆಯ ತಿಂಗಳು.

ಮೊಬೈಲ್ ಅಂಗಡಿಯ ಸುಕುಮಾರನ್ ಪೆನ್‌ಡ್ರೈವ್ ತಂದು ಕಟಿಂಗ್ ಟೇಬಲ್ ಮೇಲಿಟ್ಟ. ಪ್ರತಿ ವರ್ಷ ತರುತ್ತಾನೆ.

"ಇಪ್ಪತ್ತೆರಡು ಪ್ರೇತ ಉಂಟು ಚೇಚಿ. ಎರಡು ಕೊರಿಯಾದ್ದು" ಎಂದ. ಆಮೇಲೆ ನೆನಪಾಯಿತೇನೋ, ಮುಖ ಸಣ್ಣದು ಮಾಡಿಕೊಂಡು ಕೊಡೆ ಬಿಚ್ಚಿದ. ಪಾಪ, ಅಭ್ಯಾಸಬಲ.

ಹನ್ನೊಂದು ವರ್ಷದ ಪದ್ಧತಿ ಇದು. ಕರ್ಕಿಡಗ ಪೂರ್ತಿ, ಊಟವಾದ ಮೇಲೆ, ದಿನಕ್ಕೊಂದು ದೆವ್ವದ ಸಿನಿಮಾ. ನಾನು ಮತ್ತು ನನ್ನ ಅಕ್ಕ ನಿಮಿಷಾ. ಉಳಿದ ತಿಂಗಳು ಒಂದೂ ನೋಡುವ ಹಾಗಿಲ್ಲ — ಅಕ್ಕನ ರೂಲು. ಸೀಸನ್ ಬಿಟ್ಟು ನೋಡಿದರೆ ದೆವ್ವಕ್ಕೆ ಮರ್ಯಾದೆ ಇರುವುದಿಲ್ಲ ಅನ್ನುತ್ತಿದ್ದಳು.

ಪೆನ್‌ಡ್ರೈವನ್ನು ಗುಂಡಿ ಡಬ್ಬಿಗೆ ಹಾಕಿದೆ. ಅಕ್ಕ ಇಲ್ಲದ ಮೊದಲ ಕರ್ಕಿಡಗ.

ಜುಲೈ 19, ಭಾನುವಾರ

ಅಳತೆ ಪುಸ್ತಕ ಸಿಕ್ಕಿತು. ಗಿರಾಕಿಗಳ ಅಳತೆ ಮುಂದಿನಿಂದ, ದೆವ್ವಗಳ ಅಳತೆ ಹಿಂದಿನಿಂದ. ಎಲ್ಲ ಅಕ್ಕನ ಅಕ್ಷರ. ಎರಡು ಕಾಲಮ್ — ಹೆದರಿಕೆ, ಹೊಲಿಗೆ. ಎರಡಕ್ಕೂ ಹತ್ತರಲ್ಲಿ ಮಾರ್ಕ್ಸು. "ನೂರು ವರ್ಷ ಹಿಂದೆ ಸತ್ತವಳಿಗೆ ಪ್ರಿನ್ಸೆಸ್ ಕಟ್ ಬ್ಲೌಸ್. ಹೊಲಿಗೆ 9, ಹೆದರಿಕೆ 2." ಒಬ್ಬಳೇ ನಕ್ಕೆ. ಆಮೇಲೆ ಅತ್ತೆ.

ನನ್ನ ನಂಬರ್ ಒನ್, ಬಸ್ ಕಂಡಕ್ಟರ್. ಸತ್ತರೂ ಡ್ಯೂಟಿ ಬಿಡದವನು. ಅವನ ಕೈಯಿಂದ ಟಿಕೆಟ್ ತಗೊಂಡವರು ಮುಂದಿನ ಸ್ಟಾಪಿನಲ್ಲಿ ಇಳಿಯುವುದಿಲ್ಲ.

ಅಕ್ಕನ ನಂಬರ್ ಒನ್, ಕೊಡದಜ್ಜಿ. ಯಾವುದೋ ಹಳೇ ತಮಿಳು ಸಿನಿಮಾ, ಸಿ.ಡಿ. ಮೇಲಿನ ಹೆಸರು ಅಳಿಸಿಹೋಗಿದೆ. ಮುದುಕಿಗೆ ಹೆಸರಿಟ್ಟದ್ದು ನಾವೇ. ಸೊಂಟದ ಮೇಲೆ ಖಾಲಿ ಕೊಡ. ಮುಖ ಕಾಣುವುದಿಲ್ಲ. ಬಾಗಿಲ ಆಚೆ ನಿಂತು ನೀರು ಕೇಳುತ್ತಾಳೆ, ಮೂರು ಸಲ. ಮನೆಯ ಸೊಸೆ ಎದ್ದು ಹೋಗುವುದಿಲ್ಲ, ಬಾವಿ ಇದೆ ಹೋಗಿ ಕುಡಿ ಅನ್ನುತ್ತಾಳೆ. ಆಮೇಲೆ ಆ ಮನೆಯಲ್ಲಿ ಯಾರ ಗಂಟಲಲ್ಲೂ ನೀರಿಳಿಯುವುದಿಲ್ಲ.

ಅಕ್ಕ ಬೀರುವಿನ ಹಿಂದಿನಿಂದ, ಬಚ್ಚಲಿನಿಂದ, ಟೇಬಲಿನ ಅಡಿಯಿಂದ, "ಒಂದ್ ಗುಟ್ಕು ನೀರು..." ಅನ್ನುವಳು. ಆ ಒಣ ಗಂಟಲು ಎಲ್ಲಿಂದ ತರುತ್ತಿದ್ದಳೋ. ನಾನು "ಬಾವಿ ಐತೆ, ಹೋಗಿ ಕುಡಿ" ಅನ್ನಬೇಕು. ಮೂರನೇ ಸಲಕ್ಕೆ ಹಿಂದಿನಿಂದ ಬಂದು ಕುತ್ತಿಗೆ ಹಿಡಿಯುವಳು. ಮೂವತ್ತಾರು ತುಂಬಿದ ಹೆಂಗಸು!

ಹೆದರಿಕೆ 10. ಹೊಲಿಗೆ 0, ಜಾಕೆಟ್ಟೇ ಇಲ್ಲ.

ಜುಲೈ 22, ಬುಧವಾರ. ಮಧ್ಯಾಹ್ನ 3

ಕಂಡಕ್ಟರನ ಸಿನಿಮಾ ಹಾಕಿದೆ. ಹತ್ತು ನಿಮಿಷ ನೋಡಿ ಆರಿಸಿದೆ. ಪಕ್ಕದಲ್ಲಿ ಯಾರೂ ದಿಂಬು ಕಚ್ಚದಿದ್ದರೆ ಅವನು ಬರೀ ಕಂಡಕ್ಟರ್.

ಸೊಪ್ಪು ಮಾರುವ ಕುಳ್ಳಿ, ಕರ್ಕಿಡಗದಲ್ಲಿ ತಿನ್ನುವ ಕಾಡುಸೊಪ್ಪು ತಂದಿದ್ದಳು. ಅಮ್ಮ ಅವಳಿಗೂ ಹೇಳಿದಳು. ಅಕ್ಕನ ಬಗ್ಗೆ ವರ್ಷದಿಂದ ಎಲ್ಲರಿಗೂ ಹೇಳುವ ಅದೇ ಮಾತು — "ನನ್ ಮೋಳು ಒಂದ್ ಗುಟ್ಕು ನೀರೂ ಕೇಳ್ದೆ ಹೋದ್ಳು."

ನಾನು ಎದ್ದು ಅಂಗಡಿಗೆ ಬಂದೆ. ಕತ್ತರಿಸಲು ಬಟ್ಟೆ ಇಲ್ಲ. ಸುಮ್ಮನೆ ಪೇಪರ್ ಕತ್ತರಿಸಿದೆ.

ಆಗಸ್ಟ್ 4, ಮಂಗಳವಾರ. ಮಧ್ಯಾಹ್ನ 3.10

ಹೋದ ವರ್ಷ ಇದೇ ದಿನ. ಬರೆದುಬಿಡುತ್ತೇನೆ. ಯಾರಿಗೂ ಹೇಳಿಲ್ಲ.

ಅಕ್ಕನಿಗೆ ಜ್ವರ ಬಂದು ಮೂರನೇ ದಿನ. ಮಾತ್ರೆ ನುಂಗಿ ಒಳಕೋಣೆಯಲ್ಲಿ ಮಲಗಿದ್ದಳು. "ಇವತ್ತಿನದು ತಪ್ಪಿಸ್ಬೇಡ್ವೇ. ಕೊಡದಜ್ಜಿ ಹಾಕು. ಇಲ್ಲಿಂದ್ಲೇ ಕೇಳ್ತೀನಿ" ಎಂದಳು. ಹಾಕಿದೆ. ಸೌಂಡ್ ಜಾಸ್ತಿ ಇಟ್ಟೆ, ಅವಳಿಗೆ ಕೇಳಲಿ ಎಂದು.

ಮುದುಕಿ ಬಾಗಿಲಿಗೆ ಬರುವ ಹೊತ್ತು. ಒಳಗಿನಿಂದ — "ರಜೀ... ಒಂದ್ ಗುಟ್ಕು ನೀರು..."

"ಬಾವಿ ಐತೆ, ಹೋಗಿ ಕುಡಿ" ಎಂದೆ. ನಕ್ಕೆ.

ಇನ್ನೊಂದು ಸಲ ಕರೆದಳು. ಮೆಲ್ಲಗೆ. ಈ ವರ್ಷ ಆಕ್ಟಿಂಗ್ ಜೋರಾಗಿದೆ ಅನ್ನಿಸಿತು. "ಹತ್ತಕ್ಕೆ ಹನ್ನೊಂದು!" ಎಂದು ಕೂಗಿದೆ.

ಮೂರನೆಯದು ಬರಲಿಲ್ಲ. ದಿಂಬು ತಬ್ಬಿಕೊಂಡು ಕಾದೆ, ಈಗ ಕುತ್ತಿಗೆಗೆ ಕೈ ಬೀಳುತ್ತದೆ ಎಂದು. ಸಿನಿಮಾ ಮುಗಿಯುವವರೆಗೂ ಕಾದೆ. ಆಮೇಲೆ ಎದ್ದು ಹೋದರೆ ಕಣ್ಣು ತೆರೆದೇ ಇತ್ತು, ಮಾತಿಲ್ಲ. ಪಕ್ಕದ ಚೊಂಬು ಉರುಳಿತ್ತು. ಕೆಳಗೆ ನೆಲ ಒಣಗಿತ್ತು — ಎಷ್ಟು ಹೊತ್ತಿನಿಂದ ಖಾಲಿಯೋ. ಜೀಪಿನಲ್ಲಿ ಮಾನಂದವಾಡಿ ಆಸ್ಪತ್ರೆಗೆ. ಬೆಳಗಾಗುವಾಗ ಮುಗಿದಿತ್ತು. ಇಲಿಜ್ವರ, ಕಿಡ್ನಿ ಹೋಗಿತ್ತು ಎಂದರು. ನೀರು ಕೊಟ್ಟಿದ್ದರೆ? ಡಾಕ್ಟರನ್ನು ಕೇಳಬಹುದಿತ್ತು. ಕೇಳಿದರೆ ಎಲ್ಲ ಹೇಳಬೇಕಾಗುತ್ತಿತ್ತು.

ಹೆಸರು ಹಿಡಿದು ಕರೆದಳು. ಕೊಡದಜ್ಜಿ ಯಾರ ಹೆಸರನ್ನೂ ಹಿಡಿಯುವುದಿಲ್ಲ. ಹನ್ನೊಂದು ವರ್ಷ ನೋಡಿದವಳಿಗೆ ಅಷ್ಟು ಹೊಳೆಯಬೇಡವೇ?

ಆಗಸ್ಟ್ 9, ಭಾನುವಾರ

ನಾಲ್ಕನೇ ತಾರೀಕಿನಿಂದ ದಿನಾ ಅಕ್ಕನ ಕರೆ ಕೇಳುತ್ತಿದೆ. ಮಧ್ಯಾಹ್ನ ಮೂರರ ಸುಮಾರಿಗೆ, ಒಳಕೋಣೆಯಿಂದ. ಟಿ.ವಿ. ಪ್ಲಗ್ ಕಿತ್ತಿಟ್ಟಿದ್ದೇನೆ. ಆದರೂ.

ನೀರು ಇಳಿಯುತ್ತಿಲ್ಲ. ಬಾಯಲ್ಲಿ ಇಟ್ಟುಕೊಂಡು ಉಗಿಯುತ್ತೇನೆ. ಗಂಜಿ ಮಾತ್ರ ಹೇಗೋ ಹೋಗುತ್ತದೆ. ಹೆದರಿಕೆ ಆಗುತ್ತಿದೆ. ಸಿನಿಮಾದ ಹೆದರಿಕೆ ಅಲ್ಲ ಇದು, ಇದರಲ್ಲಿ ಮಜಾ ಇಲ್ಲ.

ಬುಧವಾರ ವಾವು. ಕರ್ಕಿಡಗದ ಅಮಾವಾಸ್ಯೆ. ಚಿಕ್ಕಪ್ಪನ ಮಗ ವಿಪಿನ್ ತಿರುನೆಲ್ಲಿ ದೇವಸ್ಥಾನದಲ್ಲಿ ಪಿಂಡ ಹಾಕಿ ಬರುತ್ತಾನೆ. ಮನೆಯಲ್ಲಿ ನಾವು ಎಡೆ ಇಡಬೇಕು — ಸತ್ತವರಿಗೆ ಇಷ್ಟವಾದದ್ದೆಲ್ಲ ಎಲೆ ತುಂಬ ಬಡಿಸಿ, ಬಾಗಿಲು ಹಾಕಿ, ಹೊರಗೆ ಕಾಯುವುದು. ಅವರು ಬಂದು ಉಣ್ಣುತ್ತಾರೆ. ಅಜ್ಜನ ಕಾಲದಲ್ಲಿ ಕನ್ನಡ ಸೀಮೆಯಿಂದ ಬಾವಲಿ ಗಡಿ ದಾಟಿ ಬಂದಾಗ ಕಟ್ಟಿಕೊಂಡು ಬಂದ ಪದ್ಧತಿ.

"ಅವ್ಳಿಗೆ ಏನೇನು ಇಷ್ಟ, ನಿಂಗೆ ಗೊತ್ತಲ್ವಾ ಮೋಳೆ. ಒಂದು ಲಿಸ್ಟ್ ಹೇಳು" ಎಂದಳು ಅಮ್ಮ.

ಹುರಿದ ಮತ್ತಿ ಮೀನು. ಹಲಸಿನ ಚಿಪ್ಸು. ಕಡು ಕೆಂಪು ನೇಲ್ ಪಾಲಿಶ್. ಅಳತೆ ಪುಸ್ತಕ. ನೀರು ಎಂದು ಹೇಳಲು ಬಾಯಿ ಬರಲಿಲ್ಲ.

ಆಗಸ್ಟ್ 12, ಬುಧವಾರ. ಸಂಜೆ 5

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಒಳಕೋಣೆಯಲ್ಲೇ ಎಲೆ ಹಾಕಿದೆವು, ಅಕ್ಕನ ಮಂಚದ ಪಕ್ಕ. ಎಲ್ಲ ಬಡಿಸಿಯಾಯಿತು. ಅಮ್ಮ, "ನೀರಿಡು" ಎಂದಳು. ಲೋಟ ಎತ್ತಿದೆ. ಅರ್ಧ ಚೆಲ್ಲಿತು. ಇನ್ನು ತಡೆಯಲಾಗಲಿಲ್ಲ.

"ಅಮ್ಮ, ಅಕ್ಕ ನೀರು ಕೇಳಿದ್ಳು. ಎರಡು ಸಲ. ನಾನು ಕೊಡ್ಲಿಲ್ಲ. ಆಟ ಅಂದ್ಕೊಂಡೆ."

ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದೇ ಇತ್ತು. ಅಮ್ಮ ನನ್ನ ಕೈಯಿಂದ ಲೋಟ ತಗೊಂಡು, ತುಂಬಿಸಿ, ಎಲೆಯ ಪಕ್ಕ ಇಟ್ಟಳು. ನನ್ನನ್ನು ಹೊರಗೆ ಕರೆದು ಬಾಗಿಲು ಹಾಕಿದಳು. ಅದಕ್ಕೇ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ನಂಗೂ ಕೇಳಿಸ್ತು" ಎಂದಳು.

ನಾನು ಅವಳ ಎದುರು ಕೂತೆ.

"ಒಲೆ ಮುಂದಿದ್ದೆ. ಎರಡು ಸಲಾನೂ ಕೇಳಿಸ್ತು. ನಿಮ್ದು ದಿನಾ ಇದ್ದದ್ದೇ ಅಂತ... ನೀನು ಬಾವಿ ಅಂದೆ. ನಾನು ಅದಕ್ಕಿಂತ ಹೆಚ್ಚು ಅಂದೆ. ಬಾಯ್ ಮುಚ್ಕೊಂಡು ಮಲ್ಗೇ ದೆವ್ವ, ಅಂದೆ. ಜೋರಾಗೇ ಅಂದೆ. ಅವ್ಳಿಗೆ ಕೇಳಿಸಿರುತ್ತೆ. ಅದ್ಕೇ ಮೂರ್ನೇ ಸಲ ಕರೀಲಿಲ್ಲ."

"ಮತ್ತೆ ಯಾಕಮ್ಮ ಎಲ್ಲರ ಹತ್ರ ನೀರೂ ಕೇಳ್ದೆ ಹೋದ್ಳು ಅಂತೀಯ?"

"ಹೇಳ್ತಾ ಹೇಳ್ತಾ ಹಂಗೇ ಆಗ್ಬಿಡುತ್ತೆ ಅಂತ."

ಒಂದು ವರ್ಷ ಒಂದೇ ಮನೆಯಲ್ಲಿ, ಒಂದೇ ಮಾತನ್ನು ನುಂಗಿಕೊಂಡು, ಇಬ್ಬರೂ ಒಬ್ಬರಿಗೊಬ್ಬರು ಗಂಜಿ ಬಡಿಸಿದ್ದೇವೆ. ಅಮ್ಮನ ಮೇಲೆ ಸಿಟ್ಟು ಬಂತು. ಆಮೇಲೆ ಅವಳ ತೊಡೆಯ ಮೇಲೆ ತಲೆಯಿಟ್ಟೆ.

ಮೂರು ಸಲ ತಟ್ಟಿ ಬಾಗಿಲು ತೆಗೆದೆವು. ಮೀನಿನ ತುದಿ ಮುರಿದಿತ್ತು. ಮುಂಚೆಯೇ ಮುರಿದಿತ್ತೋ ಏನೋ. ನೀರು ಮಾತ್ರ ಲೋಟದ ಕಂಠಕ್ಕೆ ಹಾಗೇ ನಿಂತಿತ್ತು.

"ಇಟ್ಟು ಹೋದ್ರೆ ಕುಡಿಯಲ್ಲ ಅವ್ಳು. ಕೈಗೆ ಕೊಡ್ಬೇಕಿತ್ತು" ಎಂದಳು ಅಮ್ಮ.

ಆಗಸ್ಟ್ 14, ಶುಕ್ರವಾರ. ಮಧ್ಯಾಹ್ನ 3.05

ಕರ್ಕಿಡಗ ಮುಗಿದು ಚಿಂಗ ತಿಂಗಳು ಶುರುವಾಗಲು ಇನ್ನು ಮೂರು ದಿನ. ಮೊದಲ ಮದುವೆ ಬ್ಲೌಸ್ ಬಂತು, ಪಕ್ಕದ ಬೀದಿಯ ನೀತುವಿನದು. ಮಿಷನ್ನಿನ ಬಟ್ಟೆ ತೆಗೆದೆ. ಪೆನ್‌ಡ್ರೈವ್ ಸುಕುಮಾರನ್‌ಗೆ ವಾಪಸ್ ಕೊಟ್ಟೆ, ಈ ವರ್ಷ ಸೀಸನ್ ಮುಗೀತು ಎಂದೆ.

ಅಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಳೆ. ಮನೆಯಲ್ಲಿ ನಾವಿಬ್ಬರೇ.

ಒಳಕೋಣೆಯಿಂದ ಅಕ್ಕ ಕರೆದಳು.

ಅಮ್ಮನ ಚಾಕು ನಿಂತಿತು. ಹಾಗಾದರೆ ಕೇಳಿಸುವುದು ನನಗೊಬ್ಬಳಿಗೇ ಅಲ್ಲ...

ಮತ್ತೆ. "ರಜೀ" ಎಂದು. ಹೆಸರು ಹಿಡಿದೇ.

ಅಮ್ಮ ಚೊಂಬು ತುಂಬಿಕೊಂಡು ಬಂದು ಒಳಕೋಣೆಯ ಬಾಗಿಲಲ್ಲಿ ನಿಂತಿದ್ದಾಳೆ. ಒಬ್ಬಳೇ ಒಳಗೆ ಹೋಗಲಾರಳು. ನನ್ನನ್ನೇ ನೋಡುತ್ತಿದ್ದಾಳೆ. ಲೋಟ ನನ್ನ ಹತ್ತಿರ ಇದೆ. ಬಂದೆ ಅಕ್ಕ. ಮೂರನೇ ಸಲ ನೀನು ಕರೆಯುವ ಮೊದಲೇ ಬಂದೆ.